ಟಿವಿ ಚುನಾವಣಾ ಚರ್ಚೆ: ಟಿಪ್ಪಣಿಯ ತಕರಾರು

ಚುನಾವಣೆಗೆ ನಿಂತವರು ಟಿವಿಯ ನೇರಪ್ರಸಾರದಲ್ಲಿ ಎದುರುಬದುರು ನಿಂತು ವಾದಿಸುವಾಗ, ಮೊದಲೇ ಬರೆದುಕೊಂಡ ಚೀಟಿ, ಕಡತ ಅಥವಾ ಅಂಕಿಅಂಶಗಳ ಹಾಳೆಯನ್ನು ಜೊತೆಗೆ ಒಯ್ಯಬಹುದೇ ಎಂಬ ತಕರಾರು ಇಂಥ ಚರ್ಚೆಗಳಷ್ಟೇ ಹಳೆಯದು. ಅಮೆರಿಕದ ಅಧ್ಯಕ್ಷೀಯ ಚರ್ಚೆಗಳಲ್ಲಿ ಈಗಿನ ರೂಢಿಯಂತೆ ಒಯ್ಯುವಂತಿಲ್ಲ. ಫ್ರಾನ್ಸಿನಲ್ಲಿ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡೇ ಕೂರುತ್ತಾರೆ. ಅಮೆರಿಕದ ನಿಷೇಧಕ್ಕೆ ಕಾನೂನಿನ ಬಲವೇನೂ ಇಲ್ಲ. ಅದು ಎರಡು ಪಾಳಯಗಳೂ ಚರ್ಚೆ ಏರ್ಪಡಿಸುವವರೂ ಕೂತು ಮಾಡಿಕೊಳ್ಳುವ ಒಪ್ಪಂದವಷ್ಟೆ.

ಮೊದಲ ಜಗಳ 1960ರದು. ಜಾನ್ ಎಫ್. ಕೆನಡಿ ಮತ್ತು ರಿಚರ್ಡ್ ನಿಕ್ಸನ್ ಆ ವರ್ಷ ನಾಲ್ಕು ಬಾರಿ ಮುಖಾಮುಖಿಯಾದರು. ಸೆಪ್ಟೆಂಬರ್ 26ರಂದು ಶಿಕಾಗೋದಲ್ಲಿ ನಡೆದ ಮೊದಲನೆಯದು ನಿಕ್ಸನ್ನರ ಬಾಡಿದ ಮುಖದಿಂದಾಗಿ ಹೆಸರಾಗಿದೆ. ಚೀಟಿಯ ಮಾತು ಎದ್ದದ್ದು ಅಕ್ಟೋಬರ್ 13ರ ಮೂರನೆಯದರಲ್ಲಿ. ಅಂದು ಕೆನಡಿ ನ್ಯೂಯಾರ್ಕಿನ ಸ್ಟುಡಿಯೋದಲ್ಲಿದ್ದರು, ನಿಕ್ಸನ್ ಲಾಸ್ ಏಂಜಲೀಸಿನಲ್ಲಿ; ಪರದೆಯನ್ನು ಎರಡಾಗಿ ಸೀಳಿ ಇಬ್ಬರನ್ನೂ ತೋರಿಸಲಾಯಿತು. ಚರ್ಚೆ ಮುಗಿದ ಮೇಲೆ ನಿಕ್ಸನ್, ಎದುರಾಳಿ ಕಾಗದ ನೋಡಿಕೊಂಡು ಮಾತಾಡಿ ಒಪ್ಪಂದ ಮುರಿದರೆಂದು ದೂರಿದರು. ಅಂಥ ಒಪ್ಪಂದವೇ ಇರಲಿಲ್ಲ ಎಂದಿತು ಕೆನಡಿ ಪಾಳಯ. ಇಬ್ಬರ ನಡುವೆ ಸಾವಿರಾರು ಕಿಲೋಮೀಟರ್ ಅಂತರವಿದ್ದಾಗ ಯಾರ ಮುಂದೆ ಏನಿದೆ ಎಂದು ಮತ್ತೊಬ್ಬರಿಗೆ ಕಾಣುವಂತೆಯೇ ಇರಲಿಲ್ಲ. ತಕರಾರಿನ ಬೇರು ಇರುವುದು ಇಲ್ಲಿಯೇ: ನೆನಪಿನ ಶಕ್ತಿಗಿಂತ ಒಬ್ಬರ ಮೇಲೊಬ್ಬರಿಗಿರುವ ಅಪನಂಬಿಕೆಯಲ್ಲಿ.

ಆ ಅಪನಂಬಿಕೆ ಎಷ್ಟು ದೂರ ಹೋಗಬಲ್ಲುದು ಎಂಬುದಕ್ಕೆ 2004ರಲ್ಲಿ ಜಾರ್ಜ್ ಡಬ್ಲ್ಯು. ಬುಷ್ ಮತ್ತು ಜಾನ್ ಕೆರ್ರಿ ಕಡೆಯವರು ಮಾಡಿಕೊಂಡ 32 ಪುಟಗಳ ಒಪ್ಪಂದ ಸಾಕ್ಷಿ. ಚೀಟಿ, ನಕ್ಷೆ, ಬರಹ ಯಾವುದನ್ನೂ ಒಳಗೆ ತರುವಂತಿಲ್ಲ. ನಿಂತಲ್ಲಿಯೇ ಗುರುತು ಹಾಕಿಕೊಳ್ಳಬಹುದು. ಕಾಗದದ ಅಳತೆ, ಬಣ್ಣ, ಬಗೆ ಅವರವರ ಇಷ್ಟ, ಪೆನ್ನೋ ಪೆನ್ಸಿಲೋ ಅದೂ ಇಷ್ಟ. ಆದರೆ ಕಾಗದ, ಪೆನ್ನು ಎರಡನ್ನೂ ಮುಂಚಿತವಾಗಿ ಚರ್ಚೆ ಏರ್ಪಡಿಸುವ ಆಯೋಗದ ಸಿಬ್ಬಂದಿಗೆ ಒಪ್ಪಿಸಬೇಕು, ಅವರೇ ಪೋಡಿಯಂ ಮೇಲೆ ಇಡುತ್ತಾರೆ. ಪಬ್ಲಿಕ್ ಪರೀಕ್ಷೆಯ ಹಾಲ್‌ನಲ್ಲಿ ಕೂತೆದ್ದವರಿಗೆ ಈ ಕಟ್ಟುನಿಟ್ಟು ಹೊಸದೇನಲ್ಲ. ಸೆಪ್ಟೆಂಬರ್ 30ರಂದು ಫ್ಲಾರಿಡಾದಲ್ಲಿ ಮೊದಲ ಚರ್ಚೆ ಶುರುವಾಗುವ ಹೊತ್ತಿಗೆ ಕೆರ್ರಿ ಕೋಟಿನ ಜೇಬಿಗೆ ಕೈಹಾಕಿ ಏನನ್ನೋ ತೆಗೆದದ್ದು ಕ್ಯಾಮೆರಾಕ್ಕೆ ಸಿಕ್ಕಿತು. ನಕಲು ಚೀಟಿ ಎಂದು ಗುಲ್ಲೆದ್ದಿತು. ವಿಡಿಯೋವನ್ನು ಮತ್ತೆ ಮತ್ತೆ ನೋಡಿದಾಗ ಕಂಡದ್ದು ಒಂದು ಪೆನ್ನು. 2012ರಲ್ಲಿ ಡೆನ್ವರ್‌ನ ಚರ್ಚೆಯಲ್ಲಿ ಮಿಟ್ ರಾಮ್ನಿ ಮೇಲೆ ಇದೇ ಆಪಾದನೆ ಬಂದಾಗ ಅವರ ಜೇಬಿನಿಂದ ಹೊರಬಂದದ್ದು ಕರವಸ್ತ್ರ.

2024ರ ಜೂನ್ 27ರಂದು ಅಟ್ಲಾಂಟಾದಲ್ಲಿ ಸಿಎನ್ಎನ್ ನಡೆಸಿದ ಬೈಡನ್–ಟ್ರಂಪ್ ಚರ್ಚೆಯ ಹೊತ್ತಿಗೆ ನಿಯಮ ಸರಳವಾಗಿತ್ತು: ಒಂದು ಪೆನ್ನು, ಒಂದು ಖಾಲಿ ಪ್ಯಾಡ್, ಒಂದು ಬಾಟಲಿ ನೀರು. ಎಬಿಸಿ ವಾಹಿನಿ ಸೆಪ್ಟೆಂಬರ್ 10ರಂದು ಹ್ಯಾರಿಸ್–ಟ್ರಂಪ್ ಚರ್ಚೆಗೂ ಇದನ್ನೇ ಇಟ್ಟುಕೊಂಡಿತು. ಅಟ್ಲಾಂಟಾದಲ್ಲಿ ಬೈಡನ್ ತಡವರಿಸಿದ್ದನ್ನು ಜಗತ್ತೇ ನೋಡಿತು; ಜುಲೈ 21ರಂದು ಅವರು ಕಣದಿಂದ ಹಿಂದೆ ಸರಿದರು. ನಿಷೇಧ ಬೇಕೆನ್ನುವವರ ಕೈಗೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗಲಾರದು. ಬೈಡನ್ ಮುಂದೆ ಚೀಟಿಯಿದ್ದಿದ್ದರೆ ಅವರ ತಡವರಿಕೆ ಮತದಾರರಿಗೆ ಅಷ್ಟು ನಿಚ್ಚಳವಾಗಿ ಕಾಣುತ್ತಿತ್ತೇ ಎಂಬುದು ಅವರ ಪ್ರಶ್ನೆ.

ಎದುರು ವಾದಕ್ಕೂ ಬಲವಿಲ್ಲದೆ ಇಲ್ಲ. ಅಧ್ಯಕ್ಷರಾದವರು ಕಚೇರಿಯಲ್ಲಿ ಕಡತ ನೋಡಿ, ಅಧಿಕಾರಿಗಳನ್ನು ಕೇಳಿ ತೀರ್ಮಾನ ಮಾಡುತ್ತಾರೆಯೇ ಹೊರತು ಬಾಯಿಪಾಠದಿಂದಲ್ಲ. 2011ರ ನವೆಂಬರ್ 9ರಂದು ಮಿಶಿಗನ್‌ನ ರಾಚೆಸ್ಟರ್‌ನಲ್ಲಿ ನಡೆದ ಚರ್ಚೆಯಲ್ಲಿ ಟೆಕ್ಸಸ್ ಗವರ್ನರ್ ರಿಕ್ ಪೆರ್ರಿ ತಾವು ಅಧ್ಯಕ್ಷರಾದರೆ ಮುಚ್ಚಲಿರುವ ಮೂರು ಇಲಾಖೆಗಳ ಹೆಸರು ಹೇಳಲು ಹೋದರು. ವಾಣಿಜ್ಯ, ಶಿಕ್ಷಣ ಎಂದವರಿಗೆ ಮೂರನೆಯದು ಹೊಳೆಯಲೇ ಇಲ್ಲ. ಕೊನೆಗೆ ‘ಊಪ್ಸ್’ ಎಂದು ಸುಮ್ಮನಾದರು. ಮರೆತ ಇಲಾಖೆ ಇಂಧನದ್ದು. 2017ರಲ್ಲಿ ಪೆರ್ರಿ ಅದಕ್ಕೇ ಮುಖ್ಯಸ್ಥರಾದರು! ಬ್ರಿಟನ್ನಿನ ಲೇಬರ್ ಪಕ್ಷದ ನಾಯಕ ಎಡ್ ಮಿಲಿಬ್ಯಾಂಡ್ 2014ರ ಪಕ್ಷ ಸಮ್ಮೇಳನದಲ್ಲಿ ಕಾಗದವಿಲ್ಲದೆ ಒಂದು ಗಂಟೆಗೂ ಮೀರಿ ಮಾತಾಡಿ, ಬಜೆಟ್ ಕೊರತೆಯ ಭಾಗವನ್ನೇ ಮರೆತರು. ಅದು ಚರ್ಚೆಯಲ್ಲ, ಭಾಷಣ. ಆದರೂ ವಿರೋಧಿಗಳು ಅದನ್ನು ಚುನಾವಣೆಯವರೆಗೂ ಬಿಡಲಿಲ್ಲ. ಮರುವರ್ಷ ಏಪ್ರಿಲ್‌ನ ಟಿವಿ ಚರ್ಚೆಯ ನಂತರ ಅವರು ಡ್ರೆಸಿಂಗ್ ರೂಮಿನಲ್ಲಿ ಬಿಟ್ಟುಹೋಗಿದ್ದ ಹಾಳೆಗಳು ಪತ್ರಿಕೆಯೊಂದರ ಕೈಸೇರಿದವು. ಅವುಗಳಲ್ಲಿ ಶಾಂತವಾಗಿ ಇರಬೇಕೆಂದು ತಮಗೆ ತಾವೇ ಹೇಳಿಕೊಂಡಿದ್ದ ಮಾತೂ ಇತ್ತು.

ಇನ್ನು ಚೀಟಿಯಿದ್ದರೆ ಗೆಲುವು ಸುಲಭವೆಂಬ ನಂಬಿಕೆಯನ್ನು ಫ್ರಾನ್ಸ್ ಸುಳ್ಳಾಗಿಸಿದೆ. ಅಲ್ಲಿ 1974ರಿಂದ ಎರಡನೇ ಸುತ್ತಿನ ಇಬ್ಬರು ಅಭ್ಯರ್ಥಿಗಳನ್ನು ಎದುರುಬದುರು ಕೂರಿಸುವ ರೂಢಿಯಿದೆ. 2017ರ ಮೇ 3ರಂದು ಮರೀನ್ ಲ ಪೆನ್ ಬಣ್ಣಬಣ್ಣದ ಫೈಲುಗಳನ್ನು ಮುಂದಿಟ್ಟುಕೊಂಡು ಕೂತರು. ಮಾತಿನ ನಡುವೆ ಅವುಗಳನ್ನು ತಡಕಾಡಿದರು, ಕೆಳಗೆ ನೋಡಿ ಓದಿದರು. ದೂರಸಂಪರ್ಕ ಕಂಪನಿ ಎಸ್ಎಫ್ಆರ್ ಮತ್ತು ಆಲ್‌ಸ್ಟಾಮ್ ಕುರಿತ ವಿಷಯಗಳನ್ನು ಕಲಸಿಬಿಟ್ಟರು. ಒಂದು ಟೆಲಿಫೋನಿನದು, ಇನ್ನೊಂದು ಟರ್ಬೈನ್ ಮಾಡುವಂಥದ್ದು ಎಂದು ಎಮಾನ್ಯುಯೆಲ್ ಮ್ಯಾಕ್ರೋನ್ ತಣ್ಣಗೆ ತಿದ್ದಿದರು. ನಾಲ್ಕು ದಿನಗಳ ನಂತರ ಮ್ಯಾಕ್ರೋನ್ ಶೇ 66ರಷ್ಟು ಮತ ಪಡೆದು ಗೆದ್ದರು. ವಿಷಯ ಅರಗಿಸಿಕೊಂಡವರಿಗೆ ಕಾಗದ ಆಸರೆ, ಅರಗದವರಿಗೆ ಅದೇ ತೊಡಕು. ಹೀಗಾಗಿ ಖಾಲಿ ಹಾಳೆ ಕೊಟ್ಟು ಕೂರಿಸುವ ಪದ್ಧತಿ ಪರಿಪೂರ್ಣವಲ್ಲದಿದ್ದರೂ ಸದ್ಯಕ್ಕೆ ಒಪ್ಪತಕ್ಕದ್ದು: ಎದುರಾಳಿ ಹೇಳಿದ್ದನ್ನು ಗುರುತು ಹಾಕಿಕೊಂಡು ಉತ್ತರಿಸಲು ಅದು ಸಾಕು, ಸಲಹೆಗಾರರು ಬರೆದುಕೊಟ್ಟದ್ದನ್ನು ಒಪ್ಪಿಸಲು ಸಾಲದು.

ಭಾರತದಲ್ಲಿ ಪ್ರಧಾನಿ ಹುದ್ದೆಯ ಆಕಾಂಕ್ಷಿಗಳ ಟಿವಿ ಚರ್ಚೆಯ ಸಂಪ್ರದಾಯವೇ ಇಲ್ಲ. ಚೀಟಿಯ ಮಾತು ಮಾತ್ರ ಕರ್ನಾಟಕದ ಕಣಕ್ಕೂ ಬಂದಿದೆ. 2018ರ ಮೇ 1ರಂದು ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಪ್ರಧಾನಿ ನರೇಂದ್ರ ಮೋದಿ, ರಾಜ್ಯ ಸರ್ಕಾರದ ಸಾಧನೆ ಕುರಿತು ಚೀಟಿಯಿಲ್ಲದೆ 15 ನಿಮಿಷ ಮಾತಾಡುವಂತೆ ರಾಹುಲ್ ಗಾಂಧಿಗೆ ಸವಾಲೆಸೆದರು. ಯಡಿಯೂರಪ್ಪ ಸರ್ಕಾರದ ಸಾಧನೆಯನ್ನು ನೀವು ಚೀಟಿ ನೋಡಿಕೊಂಡೇ 15 ನಿಮಿಷ ಹೇಳಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮರುಸವಾಲು ಹಾಕಿದರು. 2024ರ ಮೇ ತಿಂಗಳಲ್ಲಿ ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕೂರ್, ಎ.ಪಿ. ಶಾ ಮತ್ತು ಪತ್ರಕರ್ತ ಎನ್. ರಾಮ್ ಅವರು ಮೋದಿ ಮತ್ತು ರಾಹುಲ್ ಇಬ್ಬರನ್ನೂ ಬಹಿರಂಗ ಚರ್ಚೆಗೆ ಕರೆದರು. ರಾಹುಲ್ ಒಪ್ಪಿದರು. ಚರ್ಚೆ ನಡೆಯಲಿಲ್ಲ.