ಒಂದು ಚುಕ್ಕಿಗೆ ಎಷ್ಟು ಗುಂಟೆ? ಮೊದಲ ಉಪಗ್ರಹ ಕಣ್ಣುಗಳು ಮತ್ತು ರಾಯದುರ್ಗ, ಮಡಕಶಿರದ ನೆಲ

ಸಾಹಿತ್ಯದ ವಿದ್ಯಾರ್ಥಿಗೆ ಉಪಗ್ರಹದ ಗೊಡವೆ ಯಾಕೆ ಅಂತ ನೀವು ಕೇಳಬಹುದು. ‘ಪಾಳುಭೂಮಿ’ ಅನ್ನೋ ಒಂದು ಪದಕ್ಕಾಗಿ. ಅನಂತಪುರದ ಗಡಿ ಸೀಮೆಯಲ್ಲಿ ಕನ್ನಡದವರು ಬೀಳು, ಬಂಜರು, ಗೋಮಾಳ ಅಂತ ಬೇರೆ ಬೇರೆ ಹೆಸರಿಟ್ಟು ಕರೆಯುವ ನೆಲ, ಮೇಲಿಂದ ನೋಡಿದ ಯಂತ್ರಕ್ಕೆ ಏನಾಗಿ ಕಂಡಿತು ಎನ್ನುವುದೇ ನನ್ನ ಪ್ರಶ್ನೆ.

ಅಮೆರಿಕ 1972ರ ಜುಲೈ 23ರಂದು ಹಾರಿಸಿದ ಉಪಗ್ರಹ ಆಮೇಲೆ ಲ್ಯಾಂಡ್‌ಸ್ಯಾಟ್-1 ಎನಿಸಿತು. ಅದರ ಮಲ್ಟಿಸ್ಪೆಕ್ಟ್ರಲ್ ಸ್ಕ್ಯಾನರ್ ನಾವು ತೆಗೆಯುವಂಥ ಫೋಟೊ ತೆಗೆಯುತ್ತಿರಲಿಲ್ಲ. ಒಂದು ಕನ್ನಡಿ ಅತ್ತಿತ್ತ ಆಡುತ್ತ 185 ಕಿ.ಮೀ. ಅಗಲದ ನೆಲವನ್ನು ಗೆರೆಗೆರೆಯಾಗಿ ಓದಿ, ಬೆಳಕನ್ನು ನಾಲ್ಕು ಪಟ್ಟಿಗಳಲ್ಲಿ ಅಂಕಿ ಮಾಡುತ್ತಿತ್ತು. ಎರಡು ಪಟ್ಟಿ ಕಣ್ಣಿಗೆ ಕಾಣದ ಅವಗೆಂಪು. ಹಸಿರೆಲೆ ಅದನ್ನು ಜೋರಾಗಿ ಚಿಮ್ಮಿಸುತ್ತದೆ. ಅದಕ್ಕೇ ಆ ಚಿತ್ರಗಳಲ್ಲಿ ಪೈರು ಕೆಂಪಾಗಿ ಕಾಣೋದು. ಒಂದು ಚುಕ್ಕಿ ಅಂದರೆ ಸುಮಾರು 80 ಮೀಟರ್. ನಮ್ಮ ಲೆಕ್ಕದಲ್ಲಿ ಒಂದೂವರೆ ಎಕರೆ.

ಬೆಂಗಳೂರಲ್ಲಿ ಕಟ್ಟಿ 1979ರ ಜೂನ್ 7ರಂದು ಸೋವಿಯತ್ ರಾಕೆಟ್ಟಿನಲ್ಲಿ ಕಳಿಸಿದ ಭಾಸ್ಕರ-1ರ ಟಿ.ವಿ. ಕ್ಯಾಮರಾಕ್ಕೆ ಚುಕ್ಕಿ ಒಂದು ಕಿಲೋಮೀಟರ್, ಅಂದ್ರೆ 247 ಎಕರೆ! ಸಣ್ಣ ಊರು, ಕೆರೆ, ಹೊಲ ಎಲ್ಲ ಸೇರಿ ಒಂದೇ ಬೂದುಬಣ್ಣ. 1988ರ ಮಾರ್ಚ್ 17ರಂದು ಹೋದ ಐಆರ್‌ಎಸ್-1ಎ ಬಂದಮೇಲೆ ಮಾತು ಬದಲಾಯಿತು. ಅದರಲ್ಲಿ ಆಡುವ ಕನ್ನಡಿಯಿಲ್ಲ, ಸಾಲಾಗಿ ಜೋಡಿಸಿದ ಸಿಸಿಡಿಗಳು. ಲಿಸ್-2ರ ಚುಕ್ಕಿ 36.25 ಮೀಟರ್, ಅಂದರೆ 13 ಗುಂಟೆ. ಬಡರೈತನ ಹೊಲವೂ ಕಾಣುವ ಅಳತೆ ಇದು.

ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅಲ್ಲಿ ಕಣೇಕಲ್ಲು, ಬೊಮ್ಮನಹಾಳದ ಕಡೆ ವೇದಾವತಿ ಹಗರಿಯ ಮರಳನ್ನು ಗಾಳಿ ಎತ್ತಿ ಹೊಲಗಳ ಮೇಲೆ ದಿಬ್ಬ ಮಾಡುತ್ತದೆ. ಒಣಮರಳು ಎಲ್ಲ ಪಟ್ಟಿಗಳಲ್ಲೂ ಬೆಳ್ಳಗೆ ಹೊಳೆಯುವುದರಿಂದ ಇಂಥದ್ದನ್ನು ಗುರುತಿಸಲು ಈ ಕಣ್ಣು ಹೇಳಿಮಾಡಿಸಿದ್ದು.

ಕಡಲೆಕಾಯಿಯ ಕಥೆ ಬೇರೆ. ಈ ಜಿಲ್ಲೆಯ ಮಳೆಯಾಶ್ರಿತ ಬೆಳೆ ಮುಂಗಾರಿನದು. ಅದು ಹಸಿರಾಗಿರುವಾಗ ಮೇಲೆ ಮೋಡ. ಐಆರ್‌ಎಸ್-1ಎ ಅದೇ ಜಾಗಕ್ಕೆ ಮರಳಿ ಬರುತ್ತಿದ್ದುದು 22 ದಿನಕ್ಕೊಮ್ಮೆ, ಆ ದಿನವೂ ಮೋಡವಿದ್ದರೆ ಮುಗೀತು. ಬೇಸಿಗೆಯ ಶುಭ್ರ ಚಿತ್ರದಲ್ಲಿ ಉತ್ತುಬಿಟ್ಟ ಹೊಲಕ್ಕೂ ಪಾಳುಬಿದ್ದ ನೆಲಕ್ಕೂ ಹೆಚ್ಚು ವ್ಯತ್ಯಾಸವಿರೋದಿಲ್ಲ. ಹಾಗಾಗಿ ಊರಿಗೆ ಹೋಗಿ ನೋಡಲೇಬೇಕು.

1986ರಿಂದ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಉಪಗ್ರಹ ಚಿತ್ರಗಳಿಂದ ಜಿಲ್ಲಾವಾರು ಪಾಳುಭೂಮಿ ನಕ್ಷೆ ಮಾಡತೊಡಗಿತು. ಅದರಲ್ಲಿ ಕುರುಚಲು ನೆಲವೂ ಒಂದು ಬಗೆಯ ಪಾಳುಭೂಮಿ. ಮಡಕಶಿರದ ಕುರಿಗಾಹಿಗೆ ಅದೇ ಮೇವಿನ ಗುಡ್ಡ. ಯಂತ್ರ ಕುರುಚಲನ್ನು ಸರಿಯಾಗೇ ಕಂಡಿತ್ತು, ‘ಪಾಳು’ ಅಂದದ್ದು ಮನುಷ್ಯರು. ಆ ಪದಪಟ್ಟಿ ಮಾಡುವಾಗ ಗೋಮಾಳ ಅನ್ನೋ ಮಾತಿಗೆ ಮನೆ ಸಿಗಲಿಲ್ಲ ಅಂತ ನನಗನಿಸುತ್ತದೆ. ಚರ್ಚೆಯಲ್ಲಿ ಇದನ್ನೇ ಎತ್ತಿಕೊಳ್ಳೋಣ.