ಮೂರು ದಿನದ ತೆರಿಗೆ ರಜೆ

ನಮ್ಮಲ್ಲಿ ಎಂ.ಆರ್.ಪಿ. ಅಂತ ಏನು ಬರೆದಿರುತ್ತೋ ಅದನ್ನು ಕೊಟ್ಟರೆ ಮುಗೀತು, ತೆರಿಗೆ ಅದರೊಳಗೇ ಇರುತ್ತೆ. ಅಮೆರಿಕದಲ್ಲಿ ಹಾಗಲ್ಲ. ಚೀಟಿಯಲ್ಲಿ ಒಂದು ಬೆಲೆ, ಕೌಂಟರಿನಲ್ಲಿ ಇನ್ನೊಂದು. ಟೆಕ್ಸಾಸಿನಲ್ಲಿ ರಾಜ್ಯದ್ದು 6.25%, ಊರಿನದ್ದು 2%ವರೆಗೆ, ಒಟ್ಟು 8.25% ಆಗಬಹುದು. ಹಾಗಾಗಿಯೇ ಆಗಸ್ಟಿನಲ್ಲಿ ಮೂರು ದಿನ ಈ ತೆರಿಗೆ ಇಲ್ಲ ಅಂದ ಕೂಡಲೇ ಅಪ್ಪ ಅಮ್ಮಂದಿರು ಮಕ್ಕಳನ್ನು ಕಟ್ಟಿಕೊಂಡು ಅಂಗಡಿಗೆ ನುಗ್ಗುತ್ತಾರೆ. ಇಲ್ಲಿನ ನಮ್ಮ ಕನ್ನಡದ ಮನೆಗಳವರೂ ಹಿಂದೆ ಬೀಳುವುದಿಲ್ಲ!

ಆದರೆ ಈ ರಜೆ ಹುಟ್ಟಿದ್ದು ಶಾಲಾ ಮಕ್ಕಳಿಗಾಗಿ ಅಲ್ಲ. 1980ರಲ್ಲಿ ಒಹಾಯೊ ಮತ್ತು ಮಿಶಿಗನ್ ರಾಜ್ಯಗಳು ಕಾರು ಮಾರಾಟ ಕುಸಿದಾಗ ಕಾರಿಗೆ ಇಂಥ ರಜೆ ಕೊಟ್ಟಿದ್ದವು. ಆಮೇಲೆ ಸುಮಾರು ಹದಿನೇಳು ವರ್ಷ ಸದ್ದಿಲ್ಲ. ಈಗಿನ ರೂಪ ಬಂದಿದ್ದು ನ್ಯೂಯಾರ್ಕಿನಲ್ಲಿ, 1997ರ ಜನವರಿಯಲ್ಲಿ. ಅವರ ತಲೆನೋವು ಬೇರೆಯೇ ಇತ್ತು. ಹಡ್ಸನ್ ನದಿಯ ಆಚೆ ನ್ಯೂಜೆರ್ಸಿಯಲ್ಲಿ ಬಟ್ಟೆಗೆ ಮಾರಾಟ ತೆರಿಗೆ ಇಲ್ಲ, ಜನ ಹೊಳೆ ದಾಟಿ ಹೋಗಿ ಬಟ್ಟೆ ತರುತ್ತಿದ್ದರು. ಅವರನ್ನು ಹಿಡಿದು ನಿಲ್ಲಿಸಲು 500 ಡಾಲರಿಗಿಂತ ಕಡಿಮೆಯ ಬಟ್ಟೆಗೆ ಒಂದು ವಾರ ತೆರಿಗೆ ಬಿಟ್ಟರು. ಅಂಗಡಿಗಳು ತುಂಬಿದವು. ಆದರೆ ಆಮೇಲೆ ರಾಜ್ಯದ ತೆರಿಗೆ ಇಲಾಖೆಯೇ ಲೆಕ್ಕ ಹಾಕಿ ನೋಡಿದಾಗ, ಹೆಚ್ಚಿದ ಮಾರಾಟದ ದೊಡ್ಡ ಭಾಗ ಹೇಗೂ ಆಗಬೇಕಿದ್ದ ಖರೀದಿಯೇ, ದಿನ ಮಾತ್ರ ಬದಲಾಗಿತ್ತು ಅಂತ ಕಂಡುಬಂತು.

ಅಷ್ಟರಲ್ಲಿ ಉಳಿದವರಿಗೆ ರುಚಿ ಹತ್ತಿತ್ತು. 1998ರಲ್ಲಿ ಫ್ಲೋರಿಡಾ, 1999ರಲ್ಲಿ ಟೆಕ್ಸಾಸ್. ನ್ಯೂಯಾರ್ಕ್ ಮಾತ್ರ 2000ದ ಮಾರ್ಚಿನಿಂದ 110 ಡಾಲರಿಗಿಂತ ಕಡಿಮೆಯ ಬಟ್ಟೆಗೆ ರಾಜ್ಯದ ತೆರಿಗೆಯನ್ನು ವರ್ಷಪೂರ್ತಿ ತೆಗೆಯುವ ದಾರಿ ಹಿಡಿಯಿತು. ನನ್ನ ಕೇಳಿದರೆ ಅದೇ ಸರಿ.

ಟೆಕ್ಸಾಸಿನ ಪಟ್ಟಿ ಓದಬೇಕು ನೀವು, ಕೋಡ್ ಬರೆಯುವವರಿಗೆ ಒಳ್ಳೆ ಮಜಾ. 99.99 ಡಾಲರಿನ ಶೂಗೆ ತೆರಿಗೆ ಇಲ್ಲ, ಸರಿಯಾಗಿ 100 ಆದರೆ ಪೂರಾ ನೂರಕ್ಕೂ ಇದೆ. ಬಕಲ್ ಇರುವ ಬೆಲ್ಟಿಗೆ ವಿನಾಯಿತಿ, ಬರೀ ಬಕಲ್ಲಿಗೆ ಇಲ್ಲ. ಶಾಲೆಯ ಬೆನ್ನುಚೀಲ ಹತ್ತರವರೆಗೆ ಪ್ರಮಾಣಪತ್ರ ಇಲ್ಲದೆ ಕೊಳ್ಳಬಹುದು. ಹತ್ತು ಮಕ್ಕಳ ಅಪ್ಪ ಯಾರೋ ಗೊತ್ತಿಲ್ಲ! ಪೆನ್ಸಿಲ್, ನೋಟ್‌ಬುಕ್ಕುಗಳು ಪಟ್ಟಿಗೆ ಸೇರಿದ್ದು 2009ರಲ್ಲಿ, ಅಂದರೆ ಬಟ್ಟೆಗೆ ಸಿಕ್ಕ ಹತ್ತು ವರ್ಷದ ಮೇಲೆ.

ನಮ್ಮಂಥ ಸಂಬಳದವರಿಗೆ 300 ಡಾಲರಿನ ಖರೀದಿಯಲ್ಲಿ 24.75 ಡಾಲರ್ ಉಳಿಯುತ್ತೆ, ಸಂತೋಷ. ಆದರೆ ಆ ವಾರಾಂತ್ಯದಲ್ಲಿ ಕೈಯಲ್ಲಿ ದುಡ್ಡಿಲ್ಲದವನಿಗೆ, ಮುಂದಿನ ವಾರ ಸಂಬಳ ಬರುವವನಿಗೆ ಏನು ಉಳಿಯಿತು? ಮಾರಾಟ ತೆರಿಗೆ ಅತಿ ಹೆಚ್ಚು ಭಾರವಾಗುವುದು ಅವನಿಗೇ ತಾನೆ. ನಾರ್ತ್ ಕೆರೊಲೈನಾ 2013ರ ನಂತರ ಈ ರಜೆ ನಿಲ್ಲಿಸಿತು. ಫ್ಲೋರಿಡಾ ಉಲ್ಟಾ ಹೋಗಿ, 2025ರಲ್ಲಿ ಇಡೀ ಆಗಸ್ಟ್ ತಿಂಗಳನ್ನೇ ಕಾಯಂ ರಜೆ ಮಾಡಿತು. ಮೂರು ದಿನಕ್ಕಿಂತ ತಿಂಗಳು ವಾಸಿ ಬಿಡಿ, ಒಂದು ಸಂಬಳವಾದರೂ ನಡುವೆ ಬರುತ್ತೆ.

ಭಾರತದಲ್ಲಿ 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್, ರಬ್ಬರಿನ ಮೇಲಿನ ಜಿ.ಎಸ್.ಟಿ. ಸೊನ್ನೆ ಮಾಡಿದರು. ಜೂನಿನಲ್ಲಿ ಕೊಂಡರೂ ಅಷ್ಟೇ, ಪರೀಕ್ಷೆ ಹತ್ತಿರ ಬಂದಾಗ ಕೊಂಡರೂ ಅಷ್ಟೇ. ಅಮೆರಿಕದಲ್ಲಿರುವ ಬ್ಲಾಗ್ ಗೆಳೆಯರೇ, ನಿಮ್ಮ ರಾಜ್ಯದ ಪಟ್ಟಿಯಲ್ಲಿ ಏನೇನು ವಿಚಿತ್ರ ಇದೆ, ಬರೀರಿ.