ನ್ಯಾಯಾಧೀಶರಿಗೇ ಲೆಕ್ಕ ಕೇಳಿದ ದೇಶ

ಕಳ್ಳ ಸಿಕ್ಕರೆ ನ್ಯಾಯಾಧೀಶರ ಮುಂದೆ ನಿಲ್ಲಿಸಬಹುದು. ನ್ಯಾಯಾಧೀಶರ ಮೇಲೇ ಅನುಮಾನ ಬಂದರೆ? ಯೂರೋಪಿನ ಪುಟ್ಟ ದೇಶ ಅಲ್ಬೇನಿಯಾ ಇದಕ್ಕೆ ಉತ್ತರ ಹುಡುಕಿದ ಕತೆ ಕೇಳಿ.

ಸರ್ವಾಧಿಕಾರಿ ಎನ್ವರ್ ಹೋಜಾನ ಕಾಲದಲ್ಲಿ, 1967ರಲ್ಲಿ, ಅಲ್ಲಿ ವಕೀಲಿ ವೃತ್ತಿಯನ್ನೇ ರದ್ದು ಮಾಡಿದ್ದರು! ಕಮ್ಯುನಿಸ್ಟ್ ಆಡಳಿತ ಮುಗಿದ ಮೇಲೆ ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಯಿತು. ಯೂರೋಪಿಯನ್ ಒಕ್ಕೂಟ ಸೇರುವ ಆಸೆ ಬೇರೆ. ಹಾಗಾಗಿ ಒಕ್ಕೂಟ 2005ರಲ್ಲಿ 'ಯೂರಾಲಿಯಸ್' ಅನ್ನೋ ಯೋಜನೆ ಶುರು ಮಾಡಿ, ತನ್ನ ಸದಸ್ಯ ದೇಶಗಳ ಕಾನೂನು ತಜ್ಞರನ್ನು ರಾಜಧಾನಿ ತಿರಾನಾಕ್ಕೆ ಕಳಿಸಿತು. ಅಮೆರಿಕವೂ ನೆರವಿಗೆ ಬಂತು. ಕಾನೂನುಗಳೇನೋ ಹೊಸದಾದವು, ಲಂಚದ ದೂರು ಮಾತ್ರ ನಿಲ್ಲಲಿಲ್ಲ.

ಕೊನೆಗೆ 2016ರ ಜುಲೈನಲ್ಲಿ ಸಂಸತ್ತಿನ 140 ಸದಸ್ಯರೂ ಒಮ್ಮತದಿಂದ ಸಂವಿಧಾನ ತಿದ್ದಿದರು. ಸುಮಾರು 800 ನ್ಯಾಯಾಧೀಶರು, ಸರ್ಕಾರಿ ವಕೀಲರಿಗೆ ಮೂರು ಪರೀಕ್ಷೆ: ಆಸ್ತಿ ಎಲ್ಲಿಂದ ಬಂತು, ಪಾತಕಿಗಳ ಜೊತೆ ನಂಟಿದೆಯೇ, ಕೆಲಸ ಬರುತ್ತದೆಯೇ. ಆಸ್ತಿಯ ಮೂಲವನ್ನು ಅವರೇ ರುಜುವಾತು ಮಾಡಬೇಕು. ವಿದೇಶಿ ವೀಕ್ಷಕರ ತಂಡ ಪಕ್ಕದಲ್ಲೇ ಕೂತು ಗಮನಿಸುತ್ತಿತ್ತು.

ಫಲಿತಾಂಶ? ಅರ್ಧಕ್ಕೂ ಹೆಚ್ಚು ಮಂದಿ ವಜಾ ಆದರು, ಇಲ್ಲವೇ ರಾಜೀನಾಮೆ, ನಿವೃತ್ತಿ ಅಂತ ಹೊರನಡೆದರು. 2018ರಿಂದ 2020ರ ಕೊನೆಯವರೆಗೆ ಸಂವಿಧಾನ ನ್ಯಾಯಾಲಯದಲ್ಲಿ ಕೋರಂಗೇ ಜನ ಇರಲಿಲ್ಲ. ಸರ್ವೋಚ್ಚ ನ್ಯಾಯಾಲಯದಲ್ಲಿ 30 ಸಾವಿರಕ್ಕೂ ಹೆಚ್ಚು ಮೊಕದ್ದಮೆ ಕೊಳೆತವು. ಹೊಸ ನ್ಯಾಯಾಧೀಶರನ್ನು ತಯಾರು ಮಾಡಲು ಮೂರು ವರ್ಷದ ತರಬೇತಿ ಬೇಕು, ಹಳಬರನ್ನು ಕಳಿಸಲು ಒಂದು ಆದೇಶ ಸಾಕು. ನೆಗಡಿ ಬಂತೆಂದು ಮೂಗು ಕೊಯ್ದರು ಅಂತ ಟೀಕಿಸಿದವರೂ ಉಂಟು.

ಆದರೂ 2021ರಲ್ಲಿ, ವಜಾ ಆದ ನ್ಯಾಯಾಧೀಶೆಯೊಬ್ಬರ ಅರ್ಜಿಯ ಮೇಲೆ, ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಈ ಪರೀಕ್ಷೆ ತಪ್ಪಲ್ಲ ಎಂದಿತು. 2022ರಲ್ಲಿ ಒಕ್ಕೂಟ ಸೇರುವ ಮಾತುಕತೆ ಶುರುವಾಯಿತು. ಭ್ರಷ್ಟಾಚಾರ ತನಿಖೆಗೆಂದೇ 2019ರಲ್ಲಿ ಹುಟ್ಟಿದ 'ಸ್ಪಾಕ್' ಸಂಸ್ಥೆಯ ಪ್ರಕರಣದಲ್ಲಿ 2024ರಲ್ಲಿ ಮಾಜಿ ರಾಷ್ಟ್ರಾಧ್ಯಕ್ಷರೇ ಬಂಧನಕ್ಕೊಳಗಾದರು. ಆರೋಪ ಸಾಬೀತಾಗೋದು ಬೇರೆ ಮಾತು. ಅಷ್ಟು ದೊಡ್ಡವರನ್ನು ಮುಟ್ಟುವ ಧೈರ್ಯ ಹಿಂದೆ ಯಾರಿಗಿತ್ತು?

ನನಗನ್ನಿಸೋದು ಇಷ್ಟೇ. ಹೊರಗಿನವರು ಹಣ, ಸಲಹೆ, ಕಾನೂನಿನ ಕರಡು ಕೊಡಬಹುದು. ಖಾಲಿ ಕೋರ್ಟಿನ ಬಾಗಿಲಲ್ಲಿ ತೀರ್ಪಿಗಾಗಿ ವರ್ಷಗಟ್ಟಲೆ ಕಾದವನು ಮಾತ್ರ ಅಲ್ಬೇನಿಯಾದ ಸಾಮಾನ್ಯ ಮನುಷ್ಯ. ಸುಧಾರಣೆಯ ನಿಜವಾದ ಬೆಲೆ ತೆತ್ತವನು ಅವನೇ. ಶುದ್ಧ ನ್ಯಾಯಾಲಯಕ್ಕಾಗಿ ನೀವಾದರೆ ಎಷ್ಟು ವರ್ಷ ಕಾಯುತ್ತಿದ್ದಿರಿ?